ಭಾಳ ವರ್ಷದ ಖೂನ

ನನ್ನಂಥ ಸಭ್ಯಸ್ಥನ ನಡತೆಯನ್ನು ಪೊಲೀಸರು ಪರೀಕ್ಷಿಸಬೇಕಂತೆ ಎಂದು ಕೇಳಿದಾಗ ನನಗೆ ಮೊದಲು ಬಂದದ್ದು ನಗು. ಆಮೇಲೆ ಸ್ವಲ್ಪ ಹೆಮ್ಮೆಯೂ ಆಯಿತು. ಪಾಸಾಗುವುದು ಖಾತ್ರಿ ಇರುವವನಿಗೆ ಪರೀಕ್ಷೆಯ ಭಯವೇಕೆ? ಸಿಮೆಂಟ್ ಕಾರ್ಖಾನೆಯೊಂದರ ಟೈಮ್ ಆಫೀಸಿನಲ್ಲಿ ದುಡಿದು ನಿವೃತ್ತನಾದವನು ನಾನು. ಗೇಟಿನ ಕಿಟಕಿಯಲ್ಲಿ ಕುಳಿತು, ಒಳಗೆ ಹೋಗುವವರ ಪಾಸನ್ನೂ ಮುಖವನ್ನೂ ತಾಳೆ ನೋಡಿ ಬಿಡುವುದೇ ನನ್ನ ಉದ್ಯೋಗವಾಗಿತ್ತು. ನಮ್ಮೂರಿನ ಅರ್ಧದಷ್ಟು ಗಂಡಸರನ್ನು ನಾನೇ ವೆರಿಫೈ ಮಾಡಿದ್ದೇನೆ. ಈಗ ನನ್ನನ್ನು ವೆರಿಫೈ ಮಾಡುತ್ತಾರಂತೆ. ಮಾಡಲಿ!

ನಮ್ಮೂರು ವಾಡಿಗೂ ಶಹಾಬಾದಿಗೂ ನಡುವೆ ಇದೆ. ಹೆಸರು ಹೇಳಿದರೆ ನಮ್ಮ ಠಾಣೆಯವರಿಗೆ ಬೇಜಾರಾದೀತು. ಕೊನೆಗೆ ಅವರು ನನಗೆ ಚಹಾ ಕುಡಿಸಿ ಕಳಿಸಿದ್ದಾರೆ. ಆ ಋಣಕ್ಕಾಗಿ ಹೇಳುವುದಿಲ್ಲ. ನನ್ನ ಹೆಸರು ಮಾತ್ರ ಹೇಳಿಬಿಡುತ್ತೇನೆ: ಭೀಮರಾಯ. ಮುಚ್ಚಿಡಲು ಇನ್ನು ಉಳಿದಿರುವುದಾದರೂ ಏನು?

ಈ ವಯಸ್ಸಿನಲ್ಲಿ ಹೊಸ ನೌಕರಿಗೆ ಹೊರಟಿದ್ದೆ ಎಂದು ತಿಳಿಯಬೇಡಿ. ನನ್ನ ಹೆಂಡತಿಯ ಪಕ್ಕದಲ್ಲಿ ಕುಳಿತುಕೊಳ್ಳಲು ನನಗೆ ಪೊಲೀಸರ ಸರ್ಟಿಫಿಕೇಟು ಬೇಕಾಗಿತ್ತು.

ಶರಣಮ್ಮನಿಗೆ ಮರೆವು. ಮೊದಮೊದಲು ಬೇಳೆಗೆ ಎರಡು ಸಲ ಉಪ್ಪು ಹಾಕುತ್ತಿದ್ದಳು. ನಾನು ಮುಖ ಹಿಂಡಿದರೆ, "ಬಾಯಿ ಕೆಟ್ಟದ ನಿಮ್ಮದು" ಎಂದು ನನ್ನ ಮೇಲೇ ಹಾಕುತ್ತಿದ್ದಳು. ಆಮೇಲೆ ರೊಟ್ಟಿ ಬಡಿಯುವುದನ್ನೇ ಮರೆತು ಹಿಟ್ಟಿನ ಮುಂದೆ ಸುಮ್ಮನೆ ಕೂರತೊಡಗಿದಳು. ಆಮೇಲೆ ಕಾಗಿಣಾ ದಂಡೆಯ ತವರುಮನೆಗೆ ಹೋಗಬೇಕೆಂದು ಹಟ ಹಿಡಿದಳು. ಆ ಮನೆಯಲ್ಲಿ ಈಗ ಅವಳವರು ಯಾರೂ ಇಲ್ಲ. ಒಂದು ಸಂಜೆ ನಾನು ಹಾಲು ತರಲು ಹೋದಾಗ ಎದ್ದು ಹೋಗಿ ರೈಲು ಹತ್ತಿಬಿಟ್ಟಳು. ಚಿತ್ತಾಪುರ ಸ್ಟೇಷನ್ನಿನ ಬೆಂಚಿನ ಮೇಲೆ ಸಿಕ್ಕಳು. ಕಾಲಲ್ಲಿ ಚಪ್ಪಲಿ ಇರಲಿಲ್ಲ. ಅಪರಿಚಿತ ಹೆಂಗಸೊಬ್ಬಳು ಅವಳ ಕೈ ಹಿಡಿದುಕೊಂಡು ಕುಳಿತಿದ್ದಳು.

ಸುಲೇಪೇಟದಿಂದ ಮಗಳು ಸುನಂದಾ ಓಡಿಬಂದಳು. ಡಾಕ್ಟರರ ಮಾತು, ಅಳಿಯನ ಮಾತು, ಎಲ್ಲರ ಮಾತೂ ಒಂದೇ ಆಯಿತು. ಸೇಡಂನ ಹೊರಗೆ ಕೋಡ್ಲಾ ರಸ್ತೆಯಲ್ಲಿ ಇಂಥ ಮರೆವಿನವರನ್ನು ನೋಡಿಕೊಳ್ಳುವ ಒಂದು ಮನೆ ಇದೆ. ಅಲ್ಲಿ ಬಿಟ್ಟು ಬಂದೆ.

ಅಲ್ಲಿಯ ನಿಯಮ ವಿಚಿತ್ರವಾಗಿತ್ತು. ಮನೆಯವರಿಗೆ ಭಾನುವಾರ ಮಾತ್ರ ಭೇಟಿ.

"ಹಂಗಲ್ರಿ ಕಾಕಾ," ಎಂದರು ಅಲ್ಲಿಯ ಉಸ್ತುವಾರಿ ನೋಡುವ ಸಿಸ್ಟರ್ ಪ್ರಭಾವತಿ. "ಮನಿಯವರು ಬಂದು ಹ್ವಾದ ಮ್ಯಾಲೆ ಇವರು ಅಳತಾರ, ಬಾಗಲಾ ಬಡೀತಾರ. ನಮಗ ಸಮಾಳಸಾಕ ಆಗಂಗಿಲ್ಲ."

"ದಿನಾ ಬಂದರ ಹೋಗೂ ಮಾತ ಇರಂಗಿಲ್ಲಲ್ರಿ!"

"ದಿನಾ ಬರಾಕ ಸ್ವಯಂಸೇವಕರಿಗಷ್ಟ ಪರ್ಮಿಶನ್ ಅದ. ಕೂಡಿಸೂದು, ಮಾತಾಡಸೂದು, ಉಣಸೂದು. ಹೆಣ್ಮಕ್ಕಳು ಇರೂ ಜಾಗಾ ನೋಡ್ರಿ, ಅದಕ ಪೊಲೀಸ್ ವೆರಿಫಿಕೇಷನ್ ಬೇಕು. ನೀವೂ ಅರ್ಜಿ ಹಾಕ್ರಿ. ಯಾರು ಬ್ಯಾಡ ಅಂತಾರ?"

ಈ ಮಾತು ಕೇಳಿ ನನಗೆ ಜೀವ ಬಂದಂತಾಯಿತು. ಯಾಕೆಂದರೆ ಹಿಂದಿನ ಭಾನುವಾರ ನನ್ನನ್ನು ನೋಡಿದ ಕೂಡಲೇ "ಬಂದ್ರ್ಯಾ?" ಎಂದಿದ್ದ ಶರಣಮ್ಮ, ಈ ಭಾನುವಾರ ಬಹಳ ಹೊತ್ತು ನೋಡಿ, ಬೆವರಿ, ಕೊನೆಗೆ "ಸುನಂದಾನ ಅಪ್ಪ ಅಲ್ಲೇನ್ರಿ ನೀವು?" ಎಂದಿದ್ದಳು. ಉತ್ತರ ಸರಿಯಾಗಿತ್ತು. ಆದರೆ ತಡವಾಗಿತ್ತು. ವಾರಕ್ಕೊಮ್ಮೆ ಕಾಣುವ ಮುಖ ಎಷ್ಟು ದಿನ ನೆನಪಿದ್ದೀತು? ಗೇಟಿನಲ್ಲಿ ನಾನು ಕಲಿತ ಪಾಠವಿದು: ದಿನಾ ಬರುವವನ ಪಾಸು ಯಾರೂ ನೋಡುವುದಿಲ್ಲ, ಮುಖವೇ ಪಾಸು. ದಿನಾ ಎದುರಿಗೆ ಕುಳಿತರೆ ಶರಣಮ್ಮ ನನ್ನನ್ನು ಹೇಗೆ ಮರೆಯುತ್ತಾಳೋ ನೋಡಿಯೇಬಿಡುತ್ತೇನೆ ಎಂದುಕೊಂಡೆ. ಅವಳು ಪೂರ್ತಿ ಮರೆಯುವುದರೊಳಗೆ ಸರ್ಟಿಫಿಕೇಟು ಕೈಗೆ ಬರಬೇಕಿತ್ತು. ಅಷ್ಟೇ.

ಕಂಪ್ಯೂಟರ್ ಅಂಗಡಿಗೆ ಹೋದೆ. ಅಲ್ಲಿ ಅರ್ಜಿ ತುಂಬುವ ಹುಡುಗಿ ಕೇಳಿದಳು, "ಕಾಕಾ, ಉದ್ದೇಶ ಏನಂತ ಹಾಕ್ಲಿ?"

"ಹೆಂಡತಿ ಜೋಡಿ ಕುಂದ್ರಾಕ."

ಅವಳು ಕೀಲಿಮಣೆಯಿಂದ ಕೈ ತೆಗೆದಳು. "ಅದು ಇದರಾಗ ಇಲ್ರಿ. ನೌಕರಿ ಅದ, ಪರದೇಶಕ್ಕ ಹೋಗೂದು ಅದ, ಸೇವಾ ಅದ."

"ಸೇವಾ ಅಂತ ಹಾಕವ್ವ. ಮದುವಿ ಆದಾಗಿಂದ ನಂದು ಅದ ಕೆಲಸ."

"ಹೆಂಡ್ತಿ ಹಂತೇಕ ಕುಂದ್ರಾಕ ಪೊಲೀಸರ ಪರ್ಮಿಶನ್ ಕೇಳಿದವರು ನೀವ ಮೊದಲನೇದವರು ನೋಡ್ರಿ ಕಾಕಾ," ಎಂದು ನಕ್ಕಳು. ನಾನೂ ನಕ್ಕೆ. ಅರ್ಜಿ ಹೋಯಿತು. ಇಲ್ಲಿಗೇ ನಾನು ಮನೆಗೆ ಹೋಗಿ ಸುಮ್ಮನೆ ಕುಳಿತಿದ್ದರೆ ಈ ಬರಹದ ಅಗತ್ಯವೇ ಇರುತ್ತಿರಲಿಲ್ಲ.

ಆದರೆ ಸುಮ್ಮನೆ ಕೂರುವ ಜಾತಿ ನನ್ನದಲ್ಲ. ಪೊಲೀಸರು ಬಂದು ಓಣಿಯಲ್ಲಿ ವಿಚಾರಿಸುತ್ತಾರೆ ಎಂದು ಆ ಹುಡುಗಿಯೇ ಹೇಳಿದ್ದಳು. ನಮ್ಮ ಓಣಿಯವರು ಒಳ್ಳೆಯವರು, ಆದರೆ ಒಂದು ಕೇಳಿದರೆ ಒಂಬತ್ತು ಹೇಳುವವರು. ಚಹದಂಗಡಿಯ ರಶೀದ್ ಚಾಚಾನಿಗೆ ಮಾತು ಶುರುವಾದರೆ ನಿಜಾಮನ ಕಾಲದಿಂದ ಬರಬೇಕು. ಪಕ್ಕದ ಮನೆಯ ಈರಮ್ಮನಿಗೆ ಮಾತಿಗಿಂತ ಮೊದಲು ಅಳು ಬರುತ್ತದೆ. ಇವರನ್ನು ಹೀಗೇ ಪೊಲೀಸರ ಮುಂದೆ ಬಿಡುವುದು ಕ್ಷೇಮವಲ್ಲವೆಂದು ನಾನು ತೀರ್ಮಾನಿಸಿದೆ. ಇವರಿಗೆ ತರಬೇತಿ ಬೇಕು!

ತರಬೇತಿಗೆ ನನ್ನಲ್ಲಿ ಸಿದ್ಧ ಮಂತ್ರವಿತ್ತು. ಕಾರ್ಖಾನೆಯ ಗೇಟಿನಲ್ಲಿ ಯಾರಾದರೂ ಪಾಸು ಮರೆತು ಬಂದರೆ, ಅವನ ಹಿಂದೆ ನಿಂತವನನ್ನು ನಾನು ಕೇಳುತ್ತಿದ್ದೆ, "ಇಂವನ ಖೂನ ಅದ ಏನು?" ನಮ್ಮ ಕಡೆ ಖೂನ ಎಂದರೆ ಗುರುತು, ಪರಿಚಯ. ಹಿಂದಿನವನು "ಖೂನ ಅದರಿ" ಎಂದರೆ ಮುಗಿಯಿತು, ಒಳಗೆ ಬಿಡುತ್ತಿದ್ದೆ. ಹೆಚ್ಚು ಮಾತಿಲ್ಲ, ಕತೆಯಿಲ್ಲ.

ಮನೆಮನೆಗೆ ಹೋಗಿ ಹೇಳಿದೆ. "ಪೊಲೀಸರು ಬರ್ತಾರ. ನನ್ನ ಬಗ್ಗೆ ಕೇಳ್ತಾರ. ಪುರಾಣ ಹಚ್ಚಬ್ಯಾಡ್ರಿ. 'ಖೂನ ಅದರಿ, ಭಾಳ ವರ್ಷದ ಖೂನ' ಅಂತ ಇಷ್ಟ ಹೇಳ್ರಿ."

ಮಧ್ಯಾಹ್ನದ ಹೊತ್ತಿಗೆ ಪೊಲೀಸರು ಭೀಮರಾಯನನ್ನು ಹುಡುಕಿಕೊಂಡು ಬರುತ್ತಾರಂತೆ ಎಂಬ ಸುದ್ದಿ ಓಣಿ ತುಂಬಿತು. ಸಂಜೆಗೆ ನಾನು ಓಡಿಹೋಗಿದ್ದೇನೆ ಎಂದೂ ಆಯಿತು. ಆ ಸುದ್ದಿಯನ್ನು ನನಗೆ ತಿಳಿಸಿದವನು ನನ್ನ ಕ್ಷೌರ ಮಾಡುತ್ತಿದ್ದ ಮಲ್ಲೇಶಿಯೇ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ ನಾನೇ ಊರೆಲ್ಲ ಸಾರಿಕೊಂಡು ಬಂದಿದ್ದೆ. ಆದರೂ ನನ್ನ ಧೈರ್ಯ ಕುಗ್ಗಲಿಲ್ಲ. ಮಂತ್ರ ಎಲ್ಲರ ಬಾಯಲ್ಲೂ ನಿಂತಿತ್ತಲ್ಲ!

ವಿಚಾರಣೆಗೆ ಬಂದ ಪೊಲೀಸಪ್ಪನ ಹೆಸರು ಪುಟ್ಟರಾಜು. ಮಂಡ್ಯದ ಕಡೆಯವನು. ನಮ್ಮ ಬಿಸಿಲಿಗೂ ನಮ್ಮ ಮಾತಿಗೂ ಹೊಸಬ. ಈ ಒಂದು ಸಂಗತಿ ನನ್ನ ತರಬೇತಿಯ ಲೆಕ್ಕದಲ್ಲಿ ಇರಲಿಲ್ಲ. ಅವನು ನೇರವಾಗಿ ನನ್ನ ಮನೆಗೆ ಬರದೆ ಮೊದಲು ರಶೀದ್ ಚಾಚಾನ ಅಂಗಡಿಯಲ್ಲಿ ಚಹಾ ಹೇಳಿದ. ಅಲ್ಲಿ ನಡೆದದ್ದನ್ನು ಚಾಚಾನೇ ಆಮೇಲೆ ನನಗೆ ಹೇಳಿದ, ಅದೂ ಬಹಳ ಅಭಿಮಾನದಿಂದ.

"ಭೀಮರಾಯ ಅನ್ನೋರು ಹೆಂಗೆ ಯಜಮಾನ್ರೇ? ಅವ್ರ ಮೇಲೆ ಏನಾದ್ರೂ ಐತಾ?"

"ಖೂನ ಅದರಿ ಸಾಬ್."

"ಏನಂದ್ರಿ?"

"ಖೂನ. ಭಾಳ ವರ್ಷದ ಖೂನ."

ಪುಟ್ಟರಾಜು ಚಹದ ಗ್ಲಾಸು ಕೆಳಗಿಟ್ಟನಂತೆ. "ಅಷ್ಟು ಹಳೇದಾ? ಕೇಸ್ ಆಗ್ಲಿಲ್ವಾ?"

"ಕೇಸ್ ಯಾಕ ಆಗ್ತದ್ರಿ? ಕೇಸ್ ಆಗೂವಂಥಾದ್ದು ಇದರಾಗ ಏನದ? ಅವರ ಖೂನ ನನಗ ಅದ, ನನ್ನ ಖೂನ ಅವರಿಗಿ ಅದ."

"ನಿಮ್ದೂನಾ!"

"ಈ ಓಣ್ಯಾಗ ಎಲ್ಲಾರದೂ ಖೂನ ಅದರಿ ಸಾಬ್. ಹಿಂದೂ ಮುಸಲ್ಮಾನ ಅಂತ ನಾವು ಫರಕ್ ಮಾಡಂಗಿಲ್ಲ!"

ಪುಟ್ಟರಾಜು ಚಹಾ ಅರ್ಧಕ್ಕೇ ಬಿಟ್ಟು ಎದ್ದ. ಮುಂದೆ ಸಿಕ್ಕವಳು ಈರಮ್ಮ, ಕಟ್ಟೆಯ ಮೇಲೆ ತೊಗರಿಬೇಳೆ ಆರಿಸುತ್ತಾ ಕುಳಿತಿದ್ದಳು. ಪೊಲೀಸನನ್ನು ಕಂಡ ಕೂಡಲೇ, ಅವನು ಕೇಳುವ ಮೊದಲೇ, ಪರೀಕ್ಷೆಗೆ ಓದಿಕೊಂಡು ಬಂದವಳ ಹಾಗೆ ಒಪ್ಪಿಸಿಬಿಟ್ಟಳು, "ಭಾಳ ವರ್ಷದ ಖೂನ ಅದ ಯಪ್ಪಾ!"

"ಅವ್ರ ಹೆಂಡ್ತಿ ಎಲ್ಲವ್ರಮ್ಮಾ?" ಎಂದು ಅವನು ಮೆಲ್ಲಗೆ ಕೇಳಿದ.

ನಾನು ಕಲಿಸದೇ ಇದ್ದ ಪ್ರಶ್ನೆ ಅದು. ಈರಮ್ಮ ಸೆರಗು ಬಾಯಿಗೆ ಒತ್ತಿಕೊಂಡಳು. ಅವಳೂ ಶರಣಮ್ಮನೂ ಒಂದೇ ಒಲೆಯ ಮುಂದೆ ಕುಳಿತು ರೊಟ್ಟಿ ಬಡಿದವರು. "ಎಲ್ಲಿ ಯಪ್ಪಾ, ಹೋತು ಆ ಜೀವ. ಸೇಡಂ ಕಡಿ ಒಯ್ದು ಇಟ್ಟು ಬಂದಾರ. ನಸುಕಿನಾಗ ಒಯ್ದರು, ನನಗ ಒಂದು ಮಾತು ಹೇಳಲಿಲ್ಲ. ಹೇಳಿದ್ದರ ಮುಖಾನರೆ ನೋಡ್ತಿದ್ದೆ."

ಇತ್ತ ಮನೆಯಲ್ಲಿ ನಾನು ಇಸ್ತ್ರಿ ಅಂಗಿ ತೊಟ್ಟು, ಅಂಗಡಿಯಿಂದ ಬಿಸಿ ಮಿರ್ಚಿ ಭಜಿ ತರಿಸಿ, ಮಂಡಕ್ಕಿ ನೆನೆಸಿ ಸುಸಲಾ ಕಲಸಿ ಮಹಾ ಅತಿಥಿಯ ದಾರಿ ಕಾಯುತ್ತಿದ್ದೆ. ಬಾಗಿಲಲ್ಲಿ ಪುಟ್ಟರಾಜು ಕಾಣಿಸಿಕೊಂಡ.

"ಬರ್ರಿ ಸಾಹೇಬ್ರ, ಕುಂದ್ರಿ."

"ಕೂರಲ್ಲ. ನಿಮ್ಮ ಹೆಂಡ್ತಿ ಎಲ್ಲಿ?"

ಓಣಿಯವರು ನನ್ನ ಮುಂದೆ ಈ ಮಾತು ಎತ್ತುವುದಿಲ್ಲ. ಮಗಳೂ ಫೋನಿನಲ್ಲಿ ಸುತ್ತಿ ಬಳಸಿ ಕೇಳುತ್ತಾಳೆ. ಇಷ್ಟು ನೇರವಾಗಿ, ಇಷ್ಟು ಗಟ್ಟಿಯಾಗಿ ಯಾರೂ ಕೇಳಿರಲಿಲ್ಲ. ಕಲಸಿದ ಸುಸಲದ ಮೇಲೆ ತಟ್ಟೆ ಮುಚ್ಚಿದೆ.

"ಆಕಿ ಇದ್ದೂ ಇಲ್ರಿ ಸಾಹೇಬ್ರ," ಎಂದೆ. "ದೇಹ ಅದ, ಅಷ್ಟ."

"ದೇಹ ಎಲ್ಲಿ?"

"ಸೇಡಂದಾಗ. ಕೋಡ್ಲಾ ರಸ್ತೇಕ."

"ಯಾರು ಹಾಕಿದ್ದು ಅಲ್ಲಿ?"

"ನಾನ ರೀ. ಇದೇ ಕೈಲೇ. ಬ್ಯಾಡ ಬ್ಯಾಡ ಅಂತ ಅಂಗಿ ಹಿಡಕೊಂಡಿದ್ಳು. ಬೆರಳು ಒಂದೊಂದ ಬಿಡಿಸಿದೆ. ಬಿಡಿಸಿ ಬಂದೆ." ಹೇಳುತ್ತಾ ನಾನು ಅತ್ತೇಬಿಟ್ಟೆ. ಅಂಗಿಗೆ ಮಾಡಿಸಿದ ಇಸ್ತ್ರಿ ಹಾಳಾಯಿತು.

ಪುಟ್ಟರಾಜು ನನ್ನ ಕೈಗಳನ್ನೇ ನೋಡುತ್ತಿದ್ದ. "ಸಾರ್, ನೀವೀಗ ನಂಜೊತೆ ಸ್ಟೇಷನ್ನಿಗೆ ಬರ್ಬೇಕು," ಎಂದ.

ಅವನ ಮನಸ್ಸು ಕರಗಿದೆ, ಸಹಿ ಹಾಕಿಸಿ ಇವತ್ತೇ ಸರ್ಟಿಫಿಕೇಟು ಕೊಡಿಸುತ್ತಾನೆ ಎಂದು ನಾನು ತಿಳಿದೆ! ಭಜಿಯನ್ನು ಪೇಪರಿನಲ್ಲಿ ಕಟ್ಟಿಕೊಂಡು ಅವನ ಬೈಕು ಹತ್ತಿದೆ. ಓಣಿಯುದ್ದಕ್ಕೂ ಎಲ್ಲರಿಗೂ ಕೈ ಬೀಸಿದೆ. ಯಾರೂ ತಿರುಗಿ ಬೀಸಲಿಲ್ಲ.

ಠಾಣೆಯ ಪಿಎಸ್‌ಐ ಸಾಹೇಬರು ಚಿಂಚೋಳಿ ತಾಲೂಕಿನವರು, ಚಂದ್ರಂಪಳ್ಳಿಯ ಕಡೆಯವರು. ಪುಟ್ಟರಾಜುವಿನ ವರದಿಯನ್ನು ಗಟ್ಟಿಯಾಗಿ ಓದತೊಡಗಿದರು: "ಸದರಿ ಅರ್ಜಿದಾರರ ಬಗ್ಗೆ ನೆರೆಹೊರೆಯವರನ್ನು ವಿಚಾರಿಸಲಾಗಿ, ಇವರು ಬಹಳ ವರ್ಷಗಳಿಂದ ಖೂನಿ ಮಾಡುತ್ತಾ ಬಂದಿದ್ದು, ಈ ವಿಷಯ ಇಡೀ ಓಣಿಗೆ ತಿಳಿದಿದ್ದು, ಈ ಬಗ್ಗೆ ಯಾರದೂ ತಕರಾರು ಇರುವುದಿಲ್ಲ."

ಸಾಹೇಬರು ಎರಡನೇ ಸಲ ಓದಿದರು. ಮೂರನೇ ಸಲ ಓದುವಾಗ ಅವರ ಭುಜ ಅಲುಗತೊಡಗಿತು. ಆಮೇಲೆ ಟೋಪಿ ತೆಗೆದು ಮೇಜಿನ ಮೇಲಿಟ್ಟು, ಕಣ್ಣಲ್ಲಿ ನೀರು ಬರುವ ತನಕ ನಕ್ಕರು.

"ಏ ಪುಟ್ಟರಾಜೂ! ನಮ್ಮ ಕಡಿ ಗುರುತಿಗಿ ಖೂನ ಅಂತಾರಪಾ. ಖೂನಿಗಿ ಮರ್ಡರ್ ಅಂತಾರ!"

ಪುಟ್ಟರಾಜುವಿನ ಮುಖ ಕೆಂಪಾಯಿತು. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿಟ್ಟವನು ನಾನೇ ಎಂದು ನನಗೂ ಆಗ ತಿಳಿಯಿತು. ಊರವರಿಗೆ ಬಾಯಿಪಾಠ ಮಾಡಿಸಿ ನನ್ನ ಕೊರಳಿಗೆ ನಾನೇ ಉರುಲು ಹೆಣೆದಿದ್ದೆ. ನಾನೂ ನಕ್ಕೆ. ಹಲವು ತಿಂಗಳ ಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕೆ. ಈ ಮಜಾ ಶರಣಮ್ಮನಿಗೆ ಹೇಳಬೇಕು ಎಂದು ಮನಸ್ಸಿಗೆ ಬಂತು. ನಗುವುದು ಅಲ್ಲಿಗೇ ನಿಂತುಹೋಯಿತು.

ಪುಟ್ಟರಾಜು ಕೆಟ್ಟವನಲ್ಲ, ಆದರೆ ಕೆಲಸದಲ್ಲಿ ಗಟ್ಟಿ. "ಆದ್ರೂ ಸರ್," ಎಂದ, "ಆ ಯಮ್ಮ ಜೀವಂತವಾಗವ್ರೆ ಅನ್ನೋದನ್ನ ಒಂದ್ಸಲ ಕಣ್ಣಾರೆ ನೋಡ್ಬಿಡಾನ."

"ಅವಶ್ಯ ನೋಡ್ರಿ!" ಎಂದೆ ನಾನು, ಎದೆ ಉಬ್ಬಿಸಿ. ಸಿಸ್ಟರ್ ಪ್ರಭಾವತಿಗೆ ನಾನೇ ವಿಡಿಯೋ ಕಾಲ್ ಹಚ್ಚಿದೆ. ಈಗ ನೋಡಿರಿ, ಸಾಕ್ಷಿ ಹೇಳುವವಳು ಯಾರು! ಓಣಿಯವರು ಏನು ಹೇಳಿದರೇನು, ನನ್ನ ಖೂನ ಇವಳಿಗಿಂತ ಹೆಚ್ಚು ಯಾರಿಗಿದೆ?

ಫೋನಿನಲ್ಲಿ ಶರಣಮ್ಮ ಕಂಡಳು. ಮಂಚದ ಮೇಲೆ ಕುಳಿತಿದ್ದಳು. ಯಾರೋ ಚೆನ್ನಾಗಿ ತಲೆ ಬಾಚಿದ್ದರು. ಮಡಿಲು ಖಾಲಿಯಿದ್ದರೂ ಬೆರಳುಗಳು ಬೇಳೆಯಲ್ಲಿ ಹರಳು ಆರಿಸುವ ಹಾಗೆ ಆಡುತ್ತಿದ್ದವು. ಸಾಹೇಬರು ಫೋನು ತೆಗೆದುಕೊಂಡು, ನನ್ನ ಮುಖವೂ ಕಾಣುವ ಹಾಗೆ ಹಿಡಿದು, ಮೆತ್ತಗೆ ಕೇಳಿದರು.

"ಅಮ್ಮಾ, ಇಲ್ಲಿ ನೋಡ್ರಿ. ಇವರ ಖೂನ ಅದ ಏನು?"

ಅವಳು ನೋಡಿದಳು. ಫೋನನ್ನು ಹತ್ತಿರ ತರಿಸಿಕೊಂಡು ನೋಡಿದಳು. ನಾನು ನಗಲು ಪ್ರಯತ್ನಿಸಿದೆ. ನಕ್ಕರೆ ಮುಖ ಬೇರೆಯಾದೀತೆಂದು ಹೆದರಿ ನಗುವುದನ್ನು ಬಿಟ್ಟೆ.

"ಇಲ್ರಿ," ಎಂದಳು ಶರಣಮ್ಮ. "ಇವರ ಖೂನ ಇಲ್ಲ ನನಗ."



ಅವಳ ಕಣ್ಣು ಸಾಹೇಬರ ಖಾಕಿ ಅಂಗಿಯ ಮೇಲೆ ಬಿತ್ತು. "ಯಾರೋ ಹಿರಿಯಾರು," ಎಂದಳು. "ಭಾಳ ಸೊರಗ್ಯಾರ ಪಾಪ. ಹಿಡಕೊಂಡು ಬಂದೀರೇನ್ರಿ? ಬಡೀಬ್ಯಾಡ್ರಿ ಅವರಿಗಿ. ಏನರೆ ಉಣ್ಣಾಕ ಕೊಡ್ರಿ."

ಸಾಹೇಬರು ಫೋನು ಕೆಳಗಿಟ್ಟರು. ನನ್ನ ಭುಜ ಮುಟ್ಟಿ ಕುರ್ಚಿಯಲ್ಲಿ ಕೂಡಿಸಿದರು. ಪುಟ್ಟರಾಜು ಹೋಗಿ ಚಹಾ ತಂದ. ನಾನು ಅವನಿಗೆಂದು ಕಟ್ಟಿಕೊಂಡು ಹೋಗಿದ್ದ ಭಜಿಯ ಪೊಟ್ಟಣ ಬಿಚ್ಚಿ ನನ್ನ ಮುಂದೆಯೇ ಇಟ್ಟ. "ತಿನ್ನಿ ಸಾರ್," ಎಂದ. "ಅಮ್ಮ ಹೇಳವ್ರಲ್ಲ." ಭಜಿ ತಣ್ಣಗಾಗಿತ್ತು. ತಿಂದೆ. ಇಡೀ ಠಾಣೆ ನಾನು ತಿನ್ನುವುದನ್ನು ನೋಡುತ್ತಾ ನಿಂತಿತ್ತು. ಇಂಥ ಮರ್ಯಾದೆ ಯಾವ ಖೂನಿಗಾರನಿಗೂ ಸಿಕ್ಕಿರಲಾರದು!

ಇಷ್ಟರಲ್ಲಿ ತಿಳಿದ ಇನ್ನೊಂದು ಸಂಗತಿಯೆಂದರೆ, ಕರ್ತವ್ಯನಿಷ್ಠ ಪುಟ್ಟರಾಜು ನನ್ನ ಮನೆಯ ಹೊರಗೆ ನಿಂತೇ ತನ್ನ ಮೊಬೈಲಿನಲ್ಲಿ 'ಪ್ರತಿಕೂಲ' ಎಂದು ಒತ್ತಿ ಮೇಲಕ್ಕೆ ಕಳಿಸಿಬಿಟ್ಟಿದ್ದ. ಮೇಲಕ್ಕೆ ಹೋದದ್ದು ಕೆಳಕ್ಕೆ ಬರುವುದಿಲ್ಲವಂತೆ. ಅರ್ಜಿ ತಿರಸ್ಕೃತವಾಗಿತ್ತು. ಹೊಸದಾಗಿ ಹಾಕಬೇಕು, ಮೊದಲಿನದು ಯಾಕೆ ತಿರಸ್ಕೃತವಾಯಿತು ಎಂದು ವಿವರಣೆ ಕೊಡಬೇಕು. "ಖೂನ ಮತ್ತು ಖೂನಿ ಎಂಬ ಪದಗಳ ನಡುವಿನ ವ್ಯತ್ಯಾಸದಿಂದಾಗಿ" ಎಂದು ಸಾಹೇಬರೇ ಕುಳಿತು ಬರೆಸಿದರು. ಅದನ್ನು ಓದಿದ ಮೇಲಿನ ಕಚೇರಿಯವರು ಇನ್ನೊಂದು ವಿವರಣೆ ಕೇಳಿದರು. ಅವರೂ ಬೇರೆ ಕಡೆಯಿಂದ ಬಂದವರೇ ಇರಬೇಕು.

ತೊಗರಿ ಬಿತ್ತುವ ಹೊತ್ತಿಗೆ ಹಾಕಿದ ಅರ್ಜಿ, ತೊಗರಿ ಹೂ ಬಿಟ್ಟರೂ ಬಗೆಹರಿಯಲಿಲ್ಲ. ಭಾನುವಾರಗಳು ಮಾತ್ರ ತಪ್ಪದೆ ಬಂದವು. ಒಂದು ಭಾನುವಾರ ನನ್ನನ್ನು ತನ್ನ ಅಣ್ಣ ಎಂದುಕೊಂಡು ತವರಿನ ಎಮ್ಮೆ ಈಯಿತೇ ಎಂದು ಕೇಳಿದಳು. ಈಯಿತು, ಹೆಣ್ಣುಗರು ಎಂದೆ. ಬಹಳ ಸಂತೋಷಪಟ್ಟಳು. ಇನ್ನೊಂದು ಭಾನುವಾರ ಗೋಡೆಯ ಕಡೆ ಮುಖ ಮಾಡಿ ಮಲಗಿದವಳು ಏಳಲೇ ಇಲ್ಲ. ನಾನು ಅವಳ ಬೆನ್ನು ನೋಡುತ್ತಾ ಕುಳಿತು, ಬಸ್ಸಿನ ಹೊತ್ತಾದಾಗ ಎದ್ದು ಬಂದೆ. ಮನೆಗೆ ಬಂದು ನನ್ನನ್ನು ನಾನೇ ಬೈದುಕೊಂಡೆ. ದಿನಾ ಮುಖ ತೋರಿಸಿದ್ದರೆ ಉಳಿಯುತ್ತಿತ್ತೇನೋ. ನನ್ನ ಜಾಣತನ ಅವಳ ನೆನಪಿನ ಕೊನೆಯ ತಿಂಗಳುಗಳನ್ನು ತಿಂದುಹಾಕಿತು. ಇದನ್ನು ನಾನು ಹಾಸ್ಯಕ್ಕೆ ಹೇಳುತ್ತಿಲ್ಲ.

"ಅಪ್ಪಾ, ಡಾಕ್ಟರು ಹೇಳ್ಯಾರ, ನೀವು ದಿನಾ ಹೋಗಿದ್ದರೂ ಹಿಂಗ ಆಗ್ತಿತ್ತು," ಎಂದು ಸುನಂದಾ ಫೋನಿನಲ್ಲಿ ಸಮಾಧಾನ ಮಾಡಿದಳು.

"ಡಾಕ್ಟರ್ ಗೇಟಿನಾಗ ಕೂತಾನೇನು?" ಎಂದು ಅವಳ ಮೇಲೇ ರೇಗಿದೆ.

ಎರಡನೇ ಸಲದ ವಿಚಾರಣೆಗೂ ಪುಟ್ಟರಾಜುವೇ ಬಂದ. ಈ ಸಲ ನಾನು ಯಾರಿಗೂ ಏನೂ ಕಲಿಸಿರಲಿಲ್ಲ, ಕೈಮುಗಿದು ಮನೆಯಲ್ಲೇ ಕುಳಿತಿದ್ದೆ. ಆದರೆ ಓಣಿಯವರು ತಾವೇ ಸೇರಿ ಮಾತಾಡಿಕೊಂಡಿದ್ದರು. ರಶೀದ್ ಚಾಚಾ "ಗುರ್ತು! ಗುರ್ತು!" ಎಂದು ಅಂಗಡಿಯಿಂದಲೇ ಕೂಗಿದ. ಈರಮ್ಮ ಮಾತ್ರ ಬಾಯಿಗೆ ಬಂದ ಹಾಗೆ ಅಂದುಬಿಟ್ಟಳು, "ಖೂನ ಅದ ಯಪ್ಪಾ... ಅಯ್ಯ ಅಲ್ಲ, ಬ್ಯಾರೇ ಏನೋ ಅನ್ನಬೇಕಂತ!"

"ಖೂನನೇ ಇರ್ಲಿ ಬುಡಮ್ಮ," ಎಂದ ಪುಟ್ಟರಾಜು. "ನಂಗೂ ಈಗ ಇವ್ರ ಖೂನ ಐತೆ." ಒಳಗೆ ಬಂದು ಕುಳಿತ. ಸುಸಲಾ ಹಾಕಿಸಿಕೊಂಡು ತಿಂದ. ಹೋಗುವಾಗ "ಅಮ್ಮ ಹೆಂಗವ್ರೆ ಸಾರ್?" ಎಂದು ಕೇಳಿದ. "ಅದಾಳಪಾ" ಎಂದೆ.

ಸರ್ಟಿಫಿಕೇಟು ಬಂತು. ಭೀಮರಾಯ ಎಂಬುವವರು ಇದೇ ವಿಳಾಸದಲ್ಲಿ ವಾಸವಾಗಿದ್ದು, ಇವರ ಗುರುತನ್ನು ಖಚಿತಪಡಿಸಿಕೊಳ್ಳಲಾಗಿದ್ದು, ಇವರ ಬಗ್ಗೆ ಯಾವುದೇ ಆಕ್ಷೇಪಣೆ ಇರುವುದಿಲ್ಲ. ಸೀಲು, ಸಹಿ ಎಲ್ಲ ಬಿದ್ದಿತ್ತು. ಇನ್ನು ಮೇಲೆ ನಾನು ಭೀಮರಾಯ ಹೌದೋ ಅಲ್ಲವೋ ಎಂದು ಸರ್ಕಾರಕ್ಕೆ ಸಂಶಯವಿಲ್ಲ! ಮರುದಿನವೇ ಸೇಡಂ ಬಸ್ಸು ಹತ್ತಿದೆ. ಸಿಸ್ಟರ್ ಪ್ರಭಾವತಿ ನನ್ನ ಕೊರಳಿಗೆ 'ಸ್ವಯಂಸೇವಕ' ಎಂಬ ಬಿಲ್ಲೆ ಹಾಕಿ ಒಳಗೆ ಬಿಟ್ಟರು.

ಈಗ ದಿನಾ ಹೋಗುತ್ತೇನೆ. ಮಧ್ಯಾಹ್ನದ ಊಟ ನಾನೇ ಉಣಿಸುತ್ತೇನೆ. ರೊಟ್ಟಿಯನ್ನು ಬೇಳೆಯಲ್ಲಿ ನೆನೆಸಿ ಹಿಸುಕಿ, ತುತ್ತು ಮಾಡಿ ಕೊಟ್ಟರೆ ಬೇಡ ಎನ್ನದೆ ಉಣ್ಣುತ್ತಾಳೆ. ಬೇರೆಯವರು ಕೊಟ್ಟರೆ ಉಗುಳುತ್ತಾಳಂತೆ. ಸಿಸ್ಟರ್ ಈ ಮಾತು ಹೇಳಿದ ದಿನ ನಾನು ಬಸ್ ನಿಲ್ದಾಣದ ತನಕ ನಡೆಯಲಿಲ್ಲ, ಹಾರಿಕೊಂಡು ಹೋದೆ. ನನ್ನ ಜೊತೆ ಮಾತೂ ಆಡುತ್ತಾಳೆ. ಕಾಗಿಣಾ ನದಿಯ ವಿಷಯ, ಎಮ್ಮೆಯ ವಿಷಯ, ತನ್ನ ಮದುವೆಯ ವಿಷಯ. ಗಂಡ ಕಾರ್ಖಾನೆಯಲ್ಲಿ ದೊಡ್ಡ ಸಾಹೇಬನಂತೆ, ಅವನು ಕೈ ಎತ್ತಿದರೇನೇ ಗೇಟು ತೆರೆಯುತ್ತದಂತೆ. ನಾನು ಹೌದೇನ್ರಿ ಹೌದೇನ್ರಿ ಎಂದು ಕೇಳುತ್ತೇನೆ.

ನಿನ್ನೆ ಊಟ ಮುಗಿದ ಮೇಲೆ ಅವಳ ಬಾಯಿ ಒರೆಸಿ, ಕೈ ಹಿಡಿದುಕೊಂಡು ಕುಳಿತಿದ್ದೆ. ಅವಳಿಗೂ ಅದು ಹಿತವೆನಿಸಿದಂತಿತ್ತು. ಬಹಳ ಹೊತ್ತು ಬಿಡಿಸಿಕೊಳ್ಳಲಿಲ್ಲ. ಆಮೇಲೆ ಒಮ್ಮೆಲೇ ಕಿಟಕಿಯ ಬಿಸಿಲು ನೋಡಿ, ಕೈ ಎಳೆದುಕೊಂಡು, ಸೆರಗು ಸರಿಮಾಡಿಕೊಂಡಳು.

"ನೀವು ಇನ್ನ ಏಳ್ರಿ," ಎಂದಳು.

"ಯಾಕ್ರಿ?"

"ನಮ್ಮ ಮನಿಯವರು ಬರೂ ಹೊತ್ತಾತು. ನೀವು ಭಾಳ ಚೊಲೋ ಮಂದಿ ಅದೀರಿ, ಅದು ನನಗ ಗೊತ್ತದ. ಆದರ ಅವರು ಬಂದಾಗ ಪರಗಂಡಸು ಹಿಂಗ ಕೂತದ್ದು ನೋಡಿದರ ಏನಂದಕೊಂಡಾರು? ಮನಸಿಗಿ ಹಚಗೋಬ್ಯಾಡ್ರಿ. ಏಳ್ರಿ."

ಕೊರಳ ಬಿಲ್ಲೆಯನ್ನು ತೋರಿಸಲೇ? ಪೊಲೀಸರ ಸರ್ಟಿಫಿಕೇಟು ತೆಗೆದು ಓದಲೇ? ಅವಳು ಬಾಗಿಲ ಕಡೆ ನೋಡುತ್ತಿದ್ದಳು. ಮದುವೆಯ ಹೊಸತರಲ್ಲಿ ನಾನು ಡ್ಯೂಟಿ ಬಿಟ್ಟು ಬರುವಾಗ ಹೊಸ್ತಿಲಲ್ಲಿ ನಿಂತು ನೋಡುತ್ತಿದ್ದ ಮುಖವೇ ಅದು, ಅಷ್ಟೇ ಸಂಭ್ರಮ. ಇಷ್ಟು ವರ್ಷ ಅದನ್ನು ನಾನು ಎದುರಿನಿಂದ ಕಂಡಿದ್ದೆ. ಪಕ್ಕದಿಂದ ನೋಡಿದ್ದು ಇದೇ ಮೊದಲು.

"ಆತ್ರಿ," ಎಂದು ಎದ್ದು ಹೊರಗೆ ಬಂದೆ. ಪಡಸಾಲೆಯ ಫರಸಿ ಕಲ್ಲಿನ ನೆಲದ ಮೇಲೆ ಗೋಡೆಗೆ ಒರಗಿ ಕುಳಿತೆ. ಒಳಗೆ ಅವಳು ಕಾಯುತ್ತಿದ್ದಳು, ಹೊರಗೆ ನಾನು ಕಾಯುತ್ತಿದ್ದೆ. ಬಸ್ಸಿನ ಹೊತ್ತಾಗುವ ತನಕ ಕಾದೆವು.

ಆ ಮಹಾಶಯ ಬರಲೇ ಇಲ್ಲ!